ತೊಂಬತ್ತೆಂಟರ ಶರೋನ

ಔರಾದದಾಗ ಯಾರನ್ನರ ನಿಲ್ಲಿಸಿ, "ತೊಂಬತ್ತೆಂಟರ ಶರೋನ ಅಂದ್ರ ಯಾರ್ರೀ?" ಅಂತ ಕೇಳಿ ನೋಡ್ರಿ. ಸುಭದ್ರಾಬಾಯಿ ಟೀಚರ್ ಕೈಯಾಗ ಕಲಿತವರಾಗಿದ್ರ ಕೈಯಾಗಿನ ಚೀಲ ಕೆಳಗಿಟ್ಟು ಕಥಿ ಶುರು ಮಾಡ್ತಾರ. ಬಸ್ಸು ತಪ್ಪಿದ್ರೂ ಬಿಡಂಗಿಲ್ಲ.

ಕಥಿ ಏನು ದೊಡ್ಡದಲ್ಲ. ಶರೋನ ಎಂಟನೇ ಇಯತ್ತೆ ಇದ್ದಾಗಿನ ಮಾತು. ಆಕಿ ತಾಯಿ ಹೆಲೆನ ಆವಾಗ ಔರಾದ ದವಾಖಾನ್ಯಾಗ ನರ್ಸ್ ಇದ್ಲು. ಒಂದಿನ ಸುಭದ್ರಾಬಾಯಿ ಟೀಚರ್ ಸೀಮಿಎಣ್ಣಿ ಸ್ಟೋವ್ ಹಚ್ಚಿ, ಗಾಜಿನ ಪಾತ್ರಿಯೊಳಗ ನೀರು ಕಾಯಿಸಿ, ಥರ್ಮಾಮೀಟರ್ ಇಳಿಬಿಟ್ಟು, "ನೀರು ಎಷ್ಟಕ್ಕ ಕುದೀತು, ಒಬ್ಬೊಬ್ಬರು ಬಂದು ನೋಡಿ ಬರೀರಿ" ಅಂದ್ರು. ಮೂವತ್ತೆಂಟು ಮಂದಿ ಬಂದು, ಬಗ್ಗಿ, ನೋಡಿದಂಗ ಮಾಡಿ, ನೂರು ಅಂತ ಬರದ್ರು. ಪುಸ್ತಕದಾಗ ನೂರು ಇತ್ತಲ್ಲ! ಶರೋನ ಒಬ್ಬಾಕಿ ತೊಂಬತ್ತೆಂಟು ಅಂತ ಬರದಳು. ಕ್ಲಾಸಿಗೆ ಕ್ಲಾಸೇ ಹೋ ಅಂತ ನಕ್ಕಿತು. ಟೀಚರ್ ಕೇಳಿದ್ರು, "ಯಾಕ ಹಿಂಗ ಬರದಿ?" ಪೋರಿಗೆ ಅಳು ಬಂದಿತ್ತು. ಆದ್ರೂ ಅಂದಳು, "ಅಷ್ಟೇ ಕಂಡ್ತರಿ ಟೀಚರ್."

ಟೀಚರ್ ಟೇಬಲ್ ಮ್ಯಾಲ ಪಟ್ಟನ ಕೈ ಬಡದ್ರು. "ಮೂವತ್ತೆಂಟು ಮಂದಿ ಪುಸ್ತಕ ನೋಡಿ ಬರದ್ರು, ಒಬ್ಬಾಕಿ ನೀರು ನೋಡಿ ಬರದಳು! ನಮ್ಮ ನಾಡು ಎತ್ತರದ ಮ್ಯಾಲ ಅದ, ಇಲ್ಲಿ ನೀರು ನೂರಕ್ಕಿಂತ ಮೊದಲೇ ಕುದೀತದ, ದಡ್ಡರಾ!"

ಅಂದಿನಿಂದ ಆಕಿ ತೊಂಬತ್ತೆಂಟರ ಶರೋನ ಆದಳು. ಟೀಚರ್ ಕಮಲನಗರಕ್ಕ ವರ್ಗ ಆದ್ರೂ ಅಲ್ಲಿ ಈ ಕಥಿ, ಭಾಲ್ಕಿಗೆ ವರ್ಗ ಆದ್ರೂ ಅಲ್ಲಿ ಈ ಕಥಿ. ರಿಟೈರ್ ಆಗಿ ಔರಾದಕ್ಕ ಬಂದು ಕೂತ ಮ್ಯಾಲೂ ಕಾಯಿಪಲ್ಯ ಮಾರಾಕಿಗೆ ಹೇಳ್ತಿದ್ರಂತ, "ತಕ್ಕಡಿ ಮುಳ್ಳು ನೋಡಿ ಹೇಳವಾ, ನಮ್ಮ ಶರೋನಂಗ!"

ಈಗ ಆ ಶರೋನಗ ಮೂವತ್ತಾರು ವರ್ಷ. ಗುಲಬರ್ಗಾದಾಗ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಬೀದರ ಊರ ಹೊರಗಿನ ಒಂದು ಮಾತ್ರಿ ಕಾರ್ಖಾನಿ ಸೇರಿ ಹದಿಮೂರು ವರ್ಷ ಆತು. ಮಾತ್ರಿ ಮಾಡೋ ಮಂದಿ ಬ್ಯಾರೆ, ಆ ಮಾತ್ರಿಯೊಳಗ ಖರೇನ ಔಷಧ ಅದನೋ ಇಲ್ಲೋ ಅಂತ ಅಳದು ನೋಡೋ ಮಂದಿ ಬ್ಯಾರೆ. ಶರೋನ ನೋಡೋರ ಪೈಕಿ. ಆ ಲ್ಯಾಬಿನಾಗ ಈಗ ಆಕಿನೇ ಹಿರಿಯಾಕಿ. ಆಕಿ ಮ್ಯಾಲ ಒಬ್ಬರೇ, ಮ್ಯಾನೇಜರ್ ಯಾಕೂಬ ಸಾಹೇಬ್ರು.

ಎರಡು ವರ್ಷದ ಹಿಂದ ಪೂನಮ ಅಂತ ಭಾಲ್ಕಿ ಹುಡುಗಿ ಕೆಲಸಕ್ಕ ಬಂದಳು. ಅವರ ಮನ್ಯಾಗ ಕಾಲೇಜು ಮೆಟ್ಟಲ ಹತ್ತಿದಾಕಿ ಆಕಿನೇ ಮೊದಲು. ಮೊದಲನೇ ದಿನ ಬಿಳಿ ಕೋಟಿನ ಗುಂಡಿ ಸರಿಯಾಗಿ ಹಾಕ್ಕೊಳ್ಳೋಕ್ಕಿಂತ ಮೊದಲೇ ಕೇಳಿದಳು, "ನೀವು ತೊಂಬತ್ತೆಂಟರ ಶರೋನ ಅಲ್ರೀ? ಭಾಲ್ಕ್ಯಾಗ ನಮಗ ಸುಭದ್ರಾಬಾಯಿ ಟೀಚರೇ ಇದ್ರು. ನಿಮ್ಮ ಕಥಿ ಕೇಳೇ ನಾ ಕೆಮಿಸ್ಟ್ರಿ ತಗೊಂಡಿದ್ದು ಅಕ್ಕ!" ಶರೋನ ಹಿಗ್ಗಿ ಹೀರೇಕಾಯಿ ಆದಳು. ಯಾರಾದ್ರೂ ಆಗ್ತಾರ ಬಿಡ್ರಿ.

ಪೂನಮಗ ಕೆಲಸ ಕಲಿಸಿದಾಕಿ ಶರೋನನೇ. ಮೊದಲ ಪಾಠ ಇದು: "ಕಂಡಾಗ ಬರಿ, ಕಂಡದ್ದ ಬರಿ. ತಪ್ಪಿ ಬರದ್ರ ಒರಸಬ್ಯಾಡ, ತಿದ್ದಿ ತೀಡಬ್ಯಾಡ. ಅದರ ಮ್ಯಾಲ ಒಂದೇ ಗೆರಿ ಎಳಿ. ಕೆಳಗಿನ ತಪ್ಪು ಓದಲಿಕ್ಕ ಬರಬೇಕು. ಬಾಜೂಕ ಸರಿ ಇದ್ದದ್ದು ಬರದು, ಸಹಿ ಮಾಡಿ, ಇವತ್ತಿನ ತಾರೀಖು ಹಾಕು. ತಪ್ಪು ಮಾಡಿದ್ರ ನೌಕರಿ ಹೋಗಂಗಿಲ್ಲ, ಮುಚ್ಚಿದ್ರ ಹೋಗ್ತದ." ಪೂನಮ ಇದನ್ನ ಡೈರ್ಯಾಗ ಬರಕೊಂಡಳು. ಹೇಳಿದಾಕಿಗೆ ತನ್ನ ಮಾತು ಎಷ್ಟು ನೆನಪಿತ್ತು ಅಂಬುದನ್ನ ಮುಂದ ನೀವೇ ನೋಡ್ರಿ.

ಆ ಲ್ಯಾಬಿನಾಗ ಕಪಾಟಿನಂಥ ಒಂದು ಚೇಂಬರ್ ಅದ. ಮಾತ್ರಿ ಎಷ್ಟು ದಿನ ಕೆಡದಂಗ ಇರ್ತಾವ ಅಂತ ತಿಳಕೊಳ್ಳಲಿಕ್ಕ, ಅದರೊಳಗ ನಲವತ್ತು ಡಿಗ್ರಿ ಶಕಿಯಾಗ ಆರು ತಿಂಗಳು ಇಟ್ಟು ನೋಡ್ತಾರ. ದಿನಾ ಮುಂಜಾನಿ ಒಂಬತ್ತೂಕಾಲಕ್ಕ ಒಬ್ಬರು ಆ ಚೇಂಬರಿನ ಮುಂದ ನಿಂತು, ಶಕಿ ಎಷ್ಟದ ನೋಡಿ, ರಜಿಸ್ಟರಿನಾಗ ಬರದು ಸಹಿ ಮಾಡಬೇಕು. ಅದರ ಬಾಜೂಕ 'ತಪಾಸಿಸಿದವರು' ಅಂತ ಇನ್ನೊಂದು ಕಾಲಂ. ಅಲ್ಲಿ ಎರಡನೇಯವರು ತಾವೂ ನೋಡಿ ಸಹಿ ಮಾಡಬೇಕು. ಐತವಾರ ಒಬ್ಬರೇ ಡ್ಯೂಟಿಗೆ ಇರೋದ್ರಿಂದ, ಸೋಮವಾರ ಬಂದವರು ಐತವಾರದ ಖಾಲಿ ಜಾಗಕ್ಕ ಸಹಿ ಹಾಕಿಬಿಡೋದು ಅಲ್ಲಿ ರೂಢಿ ಆಗಿತ್ತು. ಎಲ್ಲಾರಿಗೂ ಗೊತ್ತಿತ್ತು, ಯಾರೂ ತಪ್ಪು ಅಂದಿರಲಿಲ್ಲ. ದಿನಾ ನಲವತ್ತು ಪಾಯಿಂಟ್ ಒಂದು, ಇಲ್ಲಾಂದ್ರ ನಲವತ್ತು. ಅದು ಬ್ಯಾರೆ ಅಂಕಿ ತೋರಿಸಿದ್ದೇ ಯಾರೂ ಕಂಡಿರಲಿಲ್ಲ.

ಫೆಬ್ರುವರಿ ಎರಡನೇ ಐತವಾರ ಶರೋನನ ಡ್ಯೂಟಿ ಇತ್ತು. ಅವತ್ತೇ ಚರ್ಚಿನಾಗ ಸಂಡೇ ಸ್ಕೂಲಿನ ವಾರ್ಷಿಕೋತ್ಸವ. ಆಕಿ ಮಗಳು ಏಂಜೆಲ, ಎಂಟು ವರ್ಷದ್ದು, ಮೊದಲ ಸಲ ಒಬ್ಬಾಕಿನೇ ನಿಂತು ಹಾಡಾಕಿ. ಒಂಬತ್ತಕ್ಕ ಹಾಡು. ಬದಲಿಗೆ ಯಾರನ್ನರ ಕೇಳಬಹುದಿತ್ತು. ಆದ್ರ ಹಿರಿಯಾಕಿ ಆಗಿ ಕಿರಿಯರ ಮುಂದ ಹೆಂಗ ಕೇಳೋದು ಅಂತ ಧಿಮಾಕು. ಶನಿವಾರ ಸಂಜಿ ಮನಿಗೆ ಹೊಂಡೋ ಮುಂದ ರಜಿಸ್ಟರ್ ತಗದು, ನಾಳಿನ ಸಾಲಿನಾಗ 'ಒಂಬತ್ತೂಕಾಲು, ನಲವತ್ತು ಪಾಯಿಂಟ್ ಒಂದು' ಅಂತ ಬರದು ಸಹಿ ಮಾಡಿದಳು. ಐತವಾರ ಎಂಟೂವರಿಗೆ ಜರಿ ಸೀರಿ ಉಟಕೊಂಡು ಬಂದು, ಗೇಟಿನಾಗ ಹೆಬ್ಬಟ್ಟು ಒತ್ತಿ ಹಾಜರಿ ಹಾಕಿ, ನಿಂತ ಆಟೋದಾಗ ಕೂತು ಸೀದಾ ಚರ್ಚಿಗೆ ಹೋದಳು. ಏಂಜೆಲ ಭಾಳ ಚಂದ ಹಾಡಿತು.

ಅಲ್ಲಿ ಕೂಸು ಹಾಡಲಿಕ್ಕತ್ತಿದ್ರ, ಇಲ್ಲಿ ಕಾರ್ಖಾನ್ಯಾಗ ಕರೆಂಟ್ ಹೋತು. ಜನರೇಟರ್ ಶುರು ಆತು, ಆದ್ರ ಜನರೇಟರಿನಿಂದ ಚೇಂಬರಿಗೆ ಹೋಗೋ ಸ್ವಿಚ್ ಬಿದ್ದು ಅದಕ್ಕ ಮಾತ್ರ ಕರೆಂಟ್ ಮುಟ್ಟಲಿಲ್ಲ. ಎರಡೂವರಿ ತಾಸಿನಾಗ ಶಕಿ ಮೂವತ್ತೊಂದಕ್ಕ ಇಳೀತು. ಒಂಬತ್ತೂಕಾಲಕ್ಕ ಯಾರರ ಅದರ ಮುಂದ ನಿಂತಿದ್ರ ಒಂದು ಬಟನ್ ಒತ್ತಿದ್ರ ಮುಗೀತಿತ್ತು. ಮುಂದ ಕರೆಂಟ್ ಬಂದು ಚೇಂಬರ್ ತನ್ನಷ್ಟಕ್ಕ ತಾನೇ ಮತ್ತ ಕಾಯ್ತು. ಮಧ್ಯಾಹ್ನ ಶರೋನ ಬಂದು ನೋಡಿದಾಗ ನಲವತ್ತೇ ಇತ್ತು.

ಸೋಮವಾರ ಮುಂಜಾನಿ ಪೂನಮ ರಜಿಸ್ಟರ್ ಹಿಡಕೊಂಡು ಬಂದಳು. "ಅಕ್ಕ, ನಿನ್ನಿದು ತಪಾಸಿಸಿದವರ ಕಾಲಂ ಖಾಲಿ ಅದ."

"ಹಾಕವಾ. ಒಂಬತ್ತೂ ಇಪ್ಪತ್ತು ಅಂತ ಬರಿ."

ಪೂನಮ ಮಶೀನು ತಾನೇ ಶಕಿ ಬರಕೊಳ್ಳೋ ಚಾರ್ಟ್ ತಗದು ನೋಡಬಹುದಿತ್ತು. ನೋಡಲಿಲ್ಲ. ಬರದು ಸಹಿ ಹಾಕಿದಳು.

ಗುರುವಾರ ಯಾಕೂಬ ಸಾಹೇಬ್ರು ಚಾರ್ಟ್ ನೋಡಿದ್ರು, ಬಯಲಾತು. ಚೇಂಬರಿಗೆ ತನ್ನದೇ ಒಂದು ಪೆನ್ನದ, ಕರೆಂಟ್ ಹೋದ್ರೂ ಬ್ಯಾಟರಿ ಮ್ಯಾಲ ಹಗಲೂ ರಾತ್ರಿ ಶಕಿಯ ಗೆರಿ ತಾನೇ ಎಳೀತದ. ಅದು ಯಾರ ಅಕ್ಕನೂ ಅಲ್ಲ, ಯಾರ ಟೀಚರೂ ಅಲ್ಲ. ಆ ಗೆರಿ ಐತವಾರ ಒಂಬತ್ತೂ ಐದಕ್ಕೇ ಕೆಳಗ ಇಳದಿತ್ತು. ಯಾಕೂಬ ಸಾಹೇಬ್ರು ಇಬ್ಬರನ್ನೂ ತಮ್ಮ ರೂಮಿಗೆ ಕರಸಿದ್ರು. ಮುಂದಿನ ತಿಂಗಳು ಹೊರಗಿನ ಇನ್ಸ್‌ಪೆಕ್ಟರ್‌ಗಳು ಬರೋರಿದ್ರು. ಸಾಹೇಬ್ರ ಮಾರಿ ಬಾಡಿತ್ತು.

"ಶರೋನಮ್ಮ, ಒಂದೇ ಮಾತು ಕೇಳ್ತೇನಿ. ಒಂಬತ್ತೂಕಾಲಕ್ಕ ನೀವು ಅಲ್ಲಿ ನಿಂತು ನೋಡೀರೇನು?"

ನೋಡ್ರಿ, ಅವತ್ತು ಆಕಿಗೆ ಬೇಕಾಗಿದ್ದು ಒಂದೇ ಶಬ್ದ. ಇಲ್ಲ. ಎಂಟನೇ ಇಯತ್ತೆ ಪೋರಿ ಅಳಕೋತ ಹೇಳಿದಂಥ ಮಾತು. ಮೂವತ್ತಾರು ವರ್ಷದಾಕಿ ಹೇಳಲಿಲ್ಲ.

"ನೋಡೀನ್ರಿ," ಅಂದಳು.

ಸಾಹೇಬ್ರು ಚಾರ್ಟ್ ಮಡಚಿ ಬಾಜೂಕ ಸರಿಸಿದ್ರು. ಆಮ್ಯಾಲ, "ಹಂಗಾದ್ರ ಮಶೀನಿನ ಗಡಿಯಾರ ಅರ್ಧ ತಾಸು ಹಿಂದಿರಬೇಕು. ಹಂಗೇ ಬರೀತೇನಿ," ಅಂದ್ರು. ಪೂನಮನ ಕಡಿ ತಿರುಗಿದ್ರು. "ನೀ ಐತವಾರ ಗೇಟಿನ ಒಳಗೇ ಬಂದಿಲ್ಲ. ಒಂಬತ್ತೂ ಇಪ್ಪತ್ತಕ್ಕ ಸಹಿ ಹೆಂಗ ಹಾಕಿದಿ?"

"ಸೋಮವಾರ ಹಾಕೀನ್ರಿ ಸರ್. ತಪ್ಪಾಗ್ಯದ್ರಿ."

"ಯಾರರ ಹಾಕು ಅಂದ್ರೇನು?"

ಪೂನಮ ಶರೋನನ ಕಡಿ ನೋಡಲಿಲ್ಲ. ನೋಡಿದ್ರ ಹೇಳಿದಂಗ ಆಗ್ತದಂತ ನೋಡಲಿಲ್ಲ. "ಸಹಿ ನಂದ್ರಿ," ಅಂದಳು. ಬಾಜೂಕ ಕುರ್ಚಿ ಮ್ಯಾಲ ಕೂತ ಶರೋನ ಬಾಯಿ ಬಿಡಲಿಲ್ಲ. ತನ್ನ ಚಪ್ಪಲಿ ತುದಿ ನೋಡಕೋತ ಕೂತಳು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಹಾವೂ ಸತ್ತಿತು, ಕೋಲೂ ಮುರೀಲಿಲ್ಲ. ಶನಿವಾರ ಪೂನಮನ ಕೈಗೆ ಚೀಟಿ ಬಂತು: ದಾಖಲಿಯೊಳಗ ಸುಳ್ಳು ಬರದದ್ದಕ್ಕ ಕೆಲಸದಿಂದ ತಗದದ.

ಈ ಮಾತ್ರಿ ಧಂದೆದಾಗ ಆ ಒಂದು ಸಾಲಿನ ಅರ್ಥ ಏನು ಅಂತ ಶರೋನಗ ಗೊತ್ತಿತ್ತು. ಕೆಲಸ ಬರಲಿಲ್ಲ ಅಂತ ತಗದ್ರ ಹೈದರಾಬಾದದಾಗ ಇನ್ನೊಂದು ಕಾರ್ಖಾನಿ ತಗೋತದ. ಸುಳ್ಳು ಬರದಳು ಅಂತ ತಗದ್ರ ಯಾರೂ ಮುಟ್ಟಂಗಿಲ್ಲ. ಫೋನ್ ಹಚ್ಚಿ ಕೇಳ್ತಾರ, ಕೇಳಿ ಇಡ್ತಾರ. ಐದು ವರ್ಷ ಓದಿದ ಓದು ಒಂದು ಸಾಲಿನಾಗ ಮುಗೀತದ. ಅದು ಗೊತ್ತಿದ್ದೂ ಗೊತ್ತಿದ್ದೂ ಶರೋನ ಆ ಶನಿವಾರ ಎಲ್ಲಾರಂಗ ಚಾ ಕುಡದು, ಎಲ್ಲಾರಂಗ ಮನಿಗೆ ಹೋದಳು. ನಾಚಿಕಿ ಅಂಬುದು ಮರುದಿನ ಬಂತು. ಚರ್ಚಿನಾಗ ಏಂಜೆಲ ಮತ್ತ ಹಾಡಿದಾಗ ಆಕಿಗೆ ಕೂಸಿನ ಮಾರಿ ನೋಡಲಿಕ್ಕ ಆಗಲಿಲ್ಲ.

ಆವತ್ತೇ ಸಂಜಿ ಸುಭದ್ರಾಬಾಯಿ ಟೀಚರ್ ಫೋನ್ ಬಂತು.

"ಏ ಶರೋನ! ಇಪ್ಪತ್ತೆಂಟಕ್ಕ ವಿಜ್ಞಾನ ದಿನ. ನಮ್ಮ ಸಾಲಿಯವರು ನಿನ್ನ ಕರೀರಿ ಅಂತ ಗಂಟುಬಿದ್ದಾರ. ಔಷಧ ಕಾರ್ಖಾನ್ಯಾಗ ಏನೇನು ನೌಕರಿ ಅವ, ಏನು ಓದಬೇಕು, ಪೋರಿಯರಿಗೆ ಹೇಳು. ಆಮ್ಯಾಲ ಅದೇ ನೀರು ಕಾಯಿಸಿ ತೋರಸೋಣ. ಪೂನಮಗೂ ಹೇಳೀನಿ, ಆಕಿನೂ ಬರ್ತಾಳ. ಇಬ್ಬರೂ ಒಂದೇ ಲ್ಯಾಬಿನಾಗ, ಇಬ್ಬರೂ ನನ್ನ ಕೈಯಾಗ ಕಲಿತವರು. ನನಗ ಇನ್ನೇನು ಬೇಕವಾ?"

ಟೀಚರಿಗೆ ಏನೂ ಗೊತ್ತಿಲ್ಲ. ಶರೋನ, "ಬರ್ತೇನ್ರಿ ಟೀಚರ್," ಅಂದಳು. ಇಲ್ಲ ಅನಲಿಕ್ಕ ಕಾರಣ ಹೇಳಬೇಕಿತ್ತಲ್ಲ.

ಮುಂದಿನ ಐತವಾರ ಅರ್ಧ ಕಿಲೋ ಪೇಢಾ ಕಟ್ಟಿಸಿಕೊಂಡು ಭಾಲ್ಕಿ ಬಸ್ ಹತ್ತಿದಳು. ಪೂನಮಗ ಸಮಾಧಾನ ಹೇಳಲಿಕ್ಕ ಹೊಂಟೀನಿ ಅಂತ ತನಗ ತಾನೇ ಹೇಳಿಕೊಂಡಳು. ಸುಳ್ಳು! ಔರಾದಕ್ಕ ಬರಬ್ಯಾಡವಾ ಅಂತ ಹೇಳಲಿಕ್ಕ ಹೊಂಟಿದ್ಲು. ಪೇಢಾ ಎದಕ್ಕ ಅಂತ ಕೇಳಿದ್ರ ಆಕಿಗೇ ಗೊತ್ತಿಲ್ಲ.

ಪೂನಮನ ತಂದಿ ಮಚ್ಛೇಂದ್ರ ಬಸ್ ಡಿಪೋದಾಗ ಮೆಕ್ಯಾನಿಕ್. ಮನಿ ಗೋಡಿ ಮ್ಯಾಲ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಎರಡರ ನಡುವ ಪೂನಮನ ಎಂ.ಎಸ್ಸಿ. ಸರ್ಟಿಫಿಕೇಟು, ಅದಕ್ಕೂ ಚೌಕಟ್ಟು ಹಾಕಿಸಿದ್ದ. ಶರೋನನ ಕಂಡು ಎದ್ದು ನಿಂತ.

"ಬರ್ರಿ ಬರ್ರಿ ಅಕ್ಕಾವ್ರೆ! ನಮ್ಮ ಪೂನಮ ದಿನಾ ನಿಮ್ಮದೇ ಹೆಸರು. ಎಂಟು ದಿನ ಸೂಟಿ ಕೊಟ್ಟಾರ ಅಂತ ಮನ್ಯಾಗೇ ಅದಾಳ. ಕೂಡ್ರಿ, ಚಾ ಮಾಡಸ್ತೇನಿ."

ಸೂಟಿ! ಮನ್ಯಾಗ ಹೇಳೇ ಇಲ್ಲ ಹುಡುಗಿ. ಶರೋನ ಪೇಢಾದ ಡಬ್ಬಿ ಕೈಯಾಗೇ ಹಿಡಕೊಂಡು ಕೂತಳು.

ಮಚ್ಛೇಂದ್ರಗ ಮಾತಂದ್ರ ಉತ್ಸಾಹ. "ನಿಮ್ಮದೂ ನಮ್ಮದೂ ಒಂದೇ ಕೆಲಸ ನೋಡ್ರಿ ಅಕ್ಕಾವ್ರೆ. ದಿನಾ ಮುಂಜಾನಿ ಗಾಡಿ ಬಿಡೋ ಮುಂದ ಬ್ರೇಕ್ ನೋಡಿ ಸಹಿ ಮಾಡ್ತೇನಿ. ನಮ್ಮ ಡಿಪೋದಾಗ ಒಬ್ಬ ಇದ್ದ, ಕೂತಲ್ಲೇ ಹತ್ತು ಗಾಡಿಗೆ ಸಹಿ ಹೊಡೀತಿದ್ದ, ಹರಾಮಖೋರ. ನಾ ಪೂನಮಗ ಅಂದೀನಿ, ಮಗಳ, ನೋಡದ ಸಹಿ ಹಾಕಬ್ಯಾಡ. ಗಾಡಿಯಾಗ ಕೂತ ಮಂದಿಗೆ ನಮ್ಮ ಹೆಸರು ಗೊತ್ತಿರಂಗಿಲ್ಲ, ಆದ್ರ ನಮ್ಮ ಸಹಿ ನಂಬೇ ಕೂತಿರ್ತಾರ."

ಒಳಗಿನ ಬಾಗಲದಾಗ ಪೂನಮ ಚಾದ ಕಪ್ಪು ಹಿಡಕೊಂಡು ನಿಂತಿದ್ಲು. ಶರೋನಗ ಭೂಮಿ ಬಾಯಿ ಬಿಟ್ರ ಒಳಗ ಹೋಗ್ತೇನಿ ಅನಸ್ತು. ಕಪ್ಪು ಇಸಕೊಂಡು ಚಾ ಕುಡದು ಮುಗಿಸಿದಳು.

ತಂದಿ ಹೊರಗ ಹೋದ ಮ್ಯಾಲ ಪೂನಮನೇ ಮಾತು ತಗದಳು. "ಅಕ್ಕ, ನೀವು ಬರಬಾರದಿತ್ತು. ನೀವು ಯಾಕ ಮನಸಿಗೆ ಹಚ್ಚಿಕೊಳ್ತೀರಿ? ತಪ್ಪು ನಂದು. ನೋಡದ ಹಾಕಿದೆ."

"ನಾನೇ ಅಲ್ಲೇನವಾ ಹಾಕು ಅಂದಾಕಿ?"

"ನೀವು ಅಂದ್ರಿ. ಬ್ಯಾರೆ ಯಾರರ ಅಂದಿದ್ರ ನಾ ಚಾರ್ಟ್ ತಗದು ನೋಡೇ ಹಾಕ್ತಿದ್ದೆ, ಖರೇನ. ನಿಮ್ಮ ಸಹಿ ಇತ್ತು. ತೊಂಬತ್ತೆಂಟರ ಶರೋನ ಬರದದ್ದನ್ನ ನಾ ಏನು ತಪಾಸ ಮಾಡೋದು ಅಂತ ಹಾಕಿದೆ."

ಆಕಿ ಚುಚ್ಚಲಿಕ್ಕ ಅಂದಿರಲಿಲ್ಲ. ಚುಚ್ಚಿದ್ರ ಶರೋನ ತಡಕೊಳ್ತಿದ್ಲು. ಇದ್ದದ್ದು ಇದ್ದಂಗ ಹೇಳಿದಳು, ಅದಕ್ಕೇ ಎದಿಯೊಳಗ ಇಳೀತು. ಪೂನಮಗ ಇನ್ನೂ ಗೊತ್ತಿಲ್ಲ. ಅಕ್ಕ ನೋಡಿ ಬರದಾಳ, ಮಶೀನಿನ ಗಡಿಯಾರ ಹಿಂದಿತ್ತು ಅಂತ ಆ ಹುಡುಗಿ ನಂಬಿ ಕೂತಾಳ! ಶರೋನಗ ಹೇಳಬೇಕು ಅನಸ್ತು. ನಾಲಿಗಿ ತುದಿತನಾ ಬಂತು. ಬಾಗಲದಾಗ ಮಚ್ಛೇಂದ್ರನ ಚಪ್ಪಲಿ ಸಪ್ಪಳ ಕೇಳ್ತು, ನುಂಗಿಬಿಟ್ಟಳು.

"ಔರಾದಕ್ಕ ಬರ್ತಿ ಏನು?" ಅಂತಷ್ಟೇ ಕೇಳಿದಳು.

"ಟೀಚರ್ ಕರದಾರಲ್ಲಕ್ಕ. ಇಲ್ಲ ಅಂದ್ರ ಯಾಕ ಅಂತಾರ. ಬರ್ತೇನಿ, ಬಾಯಿ ಮಾತ್ರ ಬಿಡಂಗಿಲ್ಲ. ನೀವು ಘಾಬ್ರಿ ಆಗಬ್ಯಾಡ್ರಿ."

ಘಾಬ್ರಿ ಆಗಬ್ಯಾಡ್ರಿ ಅಂತ! ನೌಕರಿ ಕಳಕೊಂಡಾಕಿ, ಕಳದಾಕಿಗೆ ಸಮಾಧಾನ ಹೇಳಿ ಬಸ್ಸಿಗೆ ಹತ್ತಿಸಿ ಕಳಿಸಿದಳು. ಬೀದರ ಮುಟ್ಟೋತನಾ ಶರೋನ ಕಿಡಕಿ ಕಡಿ ಮಾರಿ ಮಾಡಿ ಅತ್ತಳು. ಅತ್ತು ಏನು ಮಾಡ್ತಿ? ಅತ್ತದ್ದನ್ನ ಯಾವ ರಜಿಸ್ಟರಿನಾಗೂ ಬರೀಲಿಕ್ಕ ಬರಂಗಿಲ್ಲ.

ಇಪ್ಪತ್ತೆಂಟು ಶನಿವಾರ ಬಿತ್ತು. ಔರಾದ ಸಾಲಿಯ ಅಂಗಳದಾಗ ಬೇವಿನ ಗಿಡದ ಕೆಳಗ ಪೆಂಡಾಲ್ ಹಾಕಿದ್ರು. ಮುನ್ನೂರು ಹುಡುಗೂರು ಜಮಖಾನಿ ಮ್ಯಾಲ ಕೂತಿದ್ವು. ಸುಭದ್ರಾಬಾಯಿ ಟೀಚರ್ ಇಳಕಲ್ಲ ಸೀರಿ ಉಟಗೊಂಡು, ಮೊಣಕಾಲು ನೋವು ಮರತು, ಒಂದು ಕೈಯಾಗ ಶರೋನನ್ನ, ಒಂದು ಕೈಯಾಗ ಪೂನಮನ್ನ ಹಿಡಕೊಂಡು ಸ್ಟೇಜಿಗೆ ಕರಕೊಂಡು ಬಂದ್ರು.

ಶರೋನ ಭಾಷಣ ಮಾಡಿದಳು. ಬಿ.ಎಸ್ಸಿ. ಮಾಡಿದವರಿಗೆ ಏನು ಕೆಲಸ, ಬಿ.ಫಾರ್ಮಸಿ ಮಾಡಿದವರಿಗೆ ಏನು, ಹೊಸ ಔಷಧ ಹುಡುಕೋರು ಯಾರು, ಮಾಡೋರು ಯಾರು, ತಪಾಸಿಸೋರು ಯಾರು, ಎಲ್ಲಾ ಚೀಟಿ ನೋಡಿ ಹೇಳಿದಳು. ಡಾಕ್ಟರ್, ಇಂಜಿನಿಯರ್ ಅಷ್ಟೇ ಓದಲ್ಲ, ಒಂದು ಮಾತ್ರಿ ಹಿಂದ ಇನ್ನೂರು ಮಂದಿ ವಿಜ್ಞಾನ ಓದಿದವರು ಇರ್ತಾರ ಅಂದಳು. ಹುಡುಗೂರು ಚಪ್ಪಾಳಿ ಹೊಡದ್ವು. ಮುಂದಿನ ಸಾಲಿನಾಗ ಕೂತ ಕುಬರಾ ಅಂಬೋ ಒಂಬತ್ತನೇ ಇಯತ್ತೆ ಹುಡುಗಿ ಎದ್ದು ಕೇಳಿದಳು, "ಮೇಡಂ, ಲ್ಯಾಬಿನಾಗ ತಪ್ಪಿ ಬರದ್ರ ಹೊರಗ ಹಾಕ್ತಾರೇನ್ರಿ?"

ಶರೋನ ಪೂನಮನ ಕಡಿ ನೋಡಲಿಲ್ಲ. ಬಾಯಿಪಾಠ ಬಾಯಿಗೆ ಬಂತು. "ಇಲ್ಲವಾ. ತಪ್ಪಿನ ಮ್ಯಾಲ ಒಂದೇ ಗೆರಿ ಎಳೀಬೇಕು, ಕೆಳಗಿಂದು ಕಾಣಬೇಕು. ಸರಿ ಇದ್ದದ್ದು ಬರದು, ಸಹಿ, ಇವತ್ತಿನ ತಾರೀಖು. ತಪ್ಪು ಮಾಡಿದ್ರ ಯಾರೂ..." ನೀರು ಕುಡದು ಕೂತಳು.

"ಈಗ ಅಸಲಿ ಮಾತು!" ಅಂದ್ರು ಟೀಚರ್. ಗ್ಯಾಸಿನ ಒಲಿ ಬಂತು, ಗಾಜಿನ ಪಾತ್ರಿ ಬಂತು, ಥರ್ಮಾಮೀಟರ್ ಬಂತು. ಹಿಂದ ಬೋರ್ಡು, ಪೂನಮನ ಕೈಗೆ ಬರೀಲಿಕ್ಕ ಖಡು. "ಶರೋನ ನೋಡಿ ಹೇಳ್ತಾಳ, ಪೂನಮ ಬರೀತಾಳ. ಅವರ ಲ್ಯಾಬಿನಾಗ ಮಾಡಿದಂಗೇ." ಟೀಚರ್ ಮತ್ತ ಆ ಹಳೇ ಕಥಿ ಹೇಳಿದ್ರು, ಮೂವತ್ತೆಂಟು ಮಂದಿ ಪುಸ್ತಕ ನೋಡಿದ್ದು, ಒಬ್ಬಾಕಿ ನೀರು ನೋಡಿದ್ದು. ಕಥಿ ಮುಗಿಯೋದ್ರಾಗ ನೀರು ಕಳಾಪಳಾ ಕುದೀಲಿಕ್ಕತ್ತಿತು.

"ಎಷ್ಟದ ಶರೋನ?"

ಶರೋನ ಬಗ್ಗಿದಳು. ಉಗಿ ಕಣ್ಣಿಗೆ ಬಡೀತು. "ತೊಂಬತ್ತೆಂಟು!" ಅಂದಳು.

ಮುನ್ನೂರು ಹುಡುಗೂರು ಒಂದೇ ದನಿಲೆ "ತೊಂಬತ್ತೆಂಟು!" ಅಂದ್ವು. ಪೂನಮನ ಕೈ ಬೋರ್ಡಿಗೆ ಏರಿತು. ಏರಿದ್ದು ಅಲ್ಲೇ ನಿಂತಿತು. ಆಕಿ ಬರೀಲಿಲ್ಲ. ಖಡು ಹಿಡಕೊಂಡೇ ಒಲಿ ಹತ್ತಿರ ಬಂದಳು, ಚಷ್ಮಾ ತಗದು ಓಢಣಿಲಿಂದ ಒರಸಿಕೊಂಡಳು, ಬಗ್ಗಿದಳು, ಪುರಸೊತ್ತಿಲಿಂದ ನೋಡಿದಳು.

"ಅಕ್ಕ," ಅಂದಳು ಸಣ್ಣ ದನಿಲೆ, "ತೊಂಬತ್ತೇಳು ಅದ. ಗೆರಿ ಮ್ಯಾಲೇ ನಿಂತದ."

ಶರೋನ ಮತ್ತ ಬಗ್ಗಿ ನೋಡಿದಳು. ತೊಂಬತ್ತೇಳು. ಕುರುಡರಿಗೂ ಕಾಣೋ ಹಂಗ ತೊಂಬತ್ತೇಳು. ಥರ್ಮಾಮೀಟರ್ ಬ್ಯಾರೇದೋ, ಅವತ್ತಿನ ಹವಾ ಬ್ಯಾರೇದೋ, ಏನೋ. ಆಕಿ ನೋಡೇ ಇರಲಿಲ್ಲ. ಬಗ್ಗಿದ್ದು ಖರೆ, ಕಣ್ಣು ಬಿಟ್ಟಿದ್ದು ಖರೆ, ನೋಡಿರಲಿಲ್ಲ. ಆ ಮೂವತ್ತೆಂಟು ಮಂದಿ ಪುಸ್ತಕ ನೋಡಿ ಬರದಂಗ, ಆಕಿ ತನ್ನ ಕಥಿ ನೋಡಿ ಹೇಳಿದ್ಲು.

ಟೀಚರಿಗೆ ಭಾಳ ಖುಷಿ ಆಗಿಬಿಟ್ಟಿತು. "ನೋಡ್ರಿ! ನೋಡ್ರಿ! ಶರೋನ ಹೇಳಿದ್ರೂ ಪೂನಮ ನಂಬಲಿಲ್ಲ, ತಾನೇ ನೋಡಿ ಹೇಳಿದಳು. ಇಂಥಾಕಿ ಇದ್ರ ಆ ಕಾರ್ಖಾನಿ ಮಾತ್ರಿ ಕಣ್ಣು ಮುಚ್ಚಿ ನುಂಗಬಹುದು!"

ಹುಡುಗೂರು ಮತ್ತ ಚಪ್ಪಾಳಿ ಹೊಡದ್ವು. ಪೂನಮ ತಲಿ ಕೆಳಗ ಹಾಕಿದಳು. ಕಣ್ಣೀರು ತಟಕ್ ತಟಕ್ ಅಂತ ಸ್ಟೇಜಿನ ಮ್ಯಾಲ ಬಿದ್ದದ್ದು ಶರೋನಗ ಮಾತ್ರ ಕಂಡಿತು. ಆವಾಗ ಆಕಿಗೆ ಇನ್ನ ತಡೀಲಿಕ್ಕ ಆಗಲಿಲ್ಲ. ಮೈಯಾಗಿನ ನಾಚಿಕಿ ಎಲ್ಲಾ ಮಾರಿಗೆ ಬಂತು, ಕಿವಿ ಕಾದು ಕೆಂಡ ಆದ್ವು. ಪೂನಮನ ಕೈಯಾಗಿನ ಖಡು ಇಸಕೊಂಡಳು.

ಬೋರ್ಡಿನ ಮ್ಯಾಲ ದೊಡ್ಡದಾಗಿ ತೊಂಬತ್ತೆಂಟು ಅಂತ ಬರದಳು. ಅದರ ಮ್ಯಾಲ ಒಂದೇ ಗೆರಿ ಎಳದಳು. ಬಾಜೂಕ ತೊಂಬತ್ತೇಳು ಬರದು, ಸಹಿ ಮಾಡಿ, ತಾರೀಖು ಹಾಕಿದಳು. ಟೀಚರ್ "ಭೇಷ್" ಅಂದ್ರು. ಶರೋನ ಖಡು ಇಡಲಿಲ್ಲ. ಕೆಳಗ ಇನ್ನೊಂದು ಬರದಳು: ನಲವತ್ತು ಪಾಯಿಂಟ್ ಒಂದು. ಅದರ ಮ್ಯಾಲೂ ಒಂದು ಗೆರಿ ಎಳದಳು. ಬಾಜೂಕ ಬರದಳು: 'ನೋಡಿಲ್ಲ.' ಸಹಿ ಮಾಡಿದಳು, ತಾರೀಖು ಹಾಕಿದಳು.

"ಇದೇನವಾ ಇದು?" ಅಂದ್ರು ಟೀಚರ್.

ಶರೋನ ಮೈಕ್ ಹಿಡಕೊಂಡಳು. ಚೀಟಿ ಇರಲಿಲ್ಲ, ಮಾತು ತಡವರಿಸಿ ತಡವರಿಸಿ ಬಂದ್ವು. "ಇದು ನಮ್ಮ ಲ್ಯಾಬಿನ ಅಂಕಿ. ಮೂರು ವಾರದ ಹಿಂದ ನಾ ಇದನ್ನ ನೋಡದ ಬರದೆ. ಹಿಂದಿನ ದಿನಾನೇ ಬರದಿಟ್ಟು, ಗೇಟಿನಾಗ ಹೆಬ್ಬಟ್ಟು ಒತ್ತಿ, ಹೊರಗ ಹೋದೆ. ಸಾಹೇಬ್ರು ಕೇಳಿದಾಗ ನೋಡೀನಿ ಅಂತ ಸುಳ್ಳು ಹೇಳಿದೆ. ಪೂನಮ ನನ್ನ ಹೆಸರು ನಂಬಿ ಸಹಿ ಹಾಕಿದಳು. ಆಕಿ ನೌಕರಿ ಹೋತು, ನಂದು ಉಳೀತು. ನಾ ಬಾಜೂಕೇ ಕೂತಿದ್ದೆ. ಬಾಯಿ ಬಿಡಲಿಲ್ಲ." ಆಮ್ಯಾಲ ಕುಬರಾನ ಕಡಿ ನೋಡಿದಳು. "ನೀ ಕೇಳಿದೆಲ್ಲ ಅವ್ವಾ, ತಪ್ಪಿ ಬರದ್ರ ಹೊರಗ ಹಾಕ್ತಾರೇನು ಅಂತ. ಹಾಕಿದ್ರು. ಹಾಕಬೇಕಾದದ್ದು ನನ್ನನ್ನ."

ಒಲಿ ಮ್ಯಾಲ ನೀರು ಇನ್ನೂ ಕುದೀಲಿಕ್ಕತ್ತಿತ್ತು. ಸುಭದ್ರಾಬಾಯಿ ಟೀಚರ್ ಕುರ್ಚಿ ಹಿಡಕೊಂಡು ಕೂತರು. ಇಪ್ಪತ್ಮೂರು ವರ್ಷ ಹೇಳಿದ ಕಥಿ ಅದು. ಅವರ ಮಾರಿ ನೋಡೋ ಧೈರ್ಯ ಶರೋನಗ ಆಗಲಿಲ್ಲ. ಹೆಡ್‌ಮಾಸ್ತರ್ರು ಗಡಬಡಿಸಿ ಡಸ್ಟರ್ ಹಿಡಕೊಂಡು ಬೋರ್ಡಿನ ಕಡಿ ಹೋದ್ರು.

"ಒರಸಬ್ಯಾಡ್ರಿ," ಅಂದ್ರು ಟೀಚರ್. ಶರೋನನ ಕಡಿ ನೋಡಲಿಲ್ಲ. ಎದ್ದು ಒಲಿ ಬಂದ್ ಮಾಡಿದ್ರು.

ಶರೋನ ಸ್ಟೇಜ್ ಇಳದು ಬೇವಿನ ಗಿಡದ ಹಿಂದ ಬಂದು ನಿಂತಳು. ಪೂನಮ ಹಿಂದಿಂದ ಬಂದಳು. ಶರೋನ ಆಕಿ ಕೈ ಹಿಡೀಲಿಕ್ಕ ಹೋದಳು. ಪೂನಮ ಕೈ ಕೊಡಲಿಲ್ಲ.

"ಗಡಿಯಾರ ಹಿಂದಿರಲಿಲ್ಲಾ ಹಂಗಾದ್ರ," ಅಂದಳು.

"ಇರಲಿಲ್ಲ."

"ಭಾಲ್ಕಿಗೆ ಬಂದಾಗಲೂ ಹೇಳಲಿಲ್ಲ. ನಮ್ಮಪ್ಪನ ಚಾ ಕುಡದು ಹೋದ್ರಿ."

ಶರೋನ ಕ್ಷಮಿಸು ಅನಬಹುದಿತ್ತು, ಆದ್ರ ಆ ಶಬ್ದ ಪೇಢಾದ ಡಬ್ಬಿಯಂಗ ಅನಸ್ತು.

ಪೂನಮ ಕಣ್ಣು ಒರಸಿಕೊಂಡು, ಚಷ್ಮಾ ಹಾಕ್ಕೊಂಡು, ನೆಟ್ಟಗ ನಿಂತಳು. "ಅಕ್ಕ, ಇಲ್ಲಿ ಬೋರ್ಡಿನ ಮ್ಯಾಲ ಬರದ್ರ ಏನು ಬಂತು? ನಾಳಿ ಒರಸ್ತಾರ. ರಜಿಸ್ಟರ್ ಬೀದರದಾಗ ಅದ."

ಶರೋನ ಹೂಂ ಅಂದಳು. ಫೋನ್ ತಗದು ಯಾಕೂಬ ಸಾಹೇಬ್ರಿಗೆ ಹಚ್ಚಿದಳು. "ಸಾಹೇಬ್ರ, ಆರರತನಾ ಅದೀರೇನ್ರಿ? ಐತವಾರದ ಸಾಲು ತಿದ್ದೋದದ. ನಾ ನೋಡಿರಲಿಲ್ಲ." ಸಾಹೇಬ್ರು, "ಬರ್ರಿ," ಅಂದು ಇಟ್ಟರು.

ಬೀದರ ಬಸ್ಸು ಮೂರೂವರಿಗೆ ಇತ್ತು. ಶರೋನ ಹತ್ತಿ ಕಿಡಕಿ ಬಾಜೂಕ ಕೂತಳು. ನೋಡ್ತಾಳ, ಪೂನಮನೂ ಹತ್ತಿದಳು. ಭಾಲ್ಕಿ ಬಸ್ಸು ಆ ಕಡಿ ನಿಂತಿತ್ತು.

"ನೀ ಯಾಕ ಬರ್ತಿಯವಾ? ನಾ ಬರೀತೇನಿ, ಖರೇನ."

ಪೂನಮ ಆಕಿ ಬಾಜೂಕ ಕೂಡಲಿಲ್ಲ. ಎದುರಿನ ಸೀಟಿನ ಮ್ಯಾಲ ಕೂತು, ಚೀಲ ತೊಡಿ ಮ್ಯಾಲ ಇಟಕೊಂಡಳು.

"ನೀವು ಬರಿಯೋದನ್ನ ನಾ ನೋಡಬೇಕಕ್ಕ," ಅಂದಳು.